ಆಪರೇಷನ್ ದಿನ ಗೊತ್ತುಮಾಡುವಾಗಲೇ ರಕ್ತ ಪರೀಕ್ಷೆ ಆಗಲಿ

ಮಾನ್ಯ ಸಂಪಾದಕರೇ,

ನಾನು ದಾವಣಗೆರೆಯ ಒಂದು ಹೈಸ್ಕೂಲಿನಲ್ಲಿ ಪಿ.ಟಿ. ಮೇಷ್ಟ್ರಾಗಿದ್ದವನು. 1982ರಲ್ಲಿ ಮೊದಲ ಸಲ ರಕ್ತ ಕೊಟ್ಟೆ. ಒಟ್ಟು 68 ಸಲ ಕೊಟ್ಟಿದ್ದೇನೆ. 65 ವರ್ಷ ದಾಟಿದವರಿಂದ ತೆಗೆದುಕೊಳ್ಳುವುದಿಲ್ಲ, ಹಾಗಾಗಿ ಈಗ ಬೇರೆಯವರಿಂದ ಕೊಡಿಸುತ್ತೇನೆ. ಯಾರದು ಯಾವ ಗ್ರೂಪು, ಯಾವತ್ತು ಕೊಟ್ಟರು, ಯಾವ ಕಾಯಿಲೆಗೆ ಅಂತ ಒಂದು ಉದ್ದನೆಯ ಪುಸ್ತಕದಲ್ಲಿ ಬರೆದಿಟ್ಟುಕೊಂಡಿದ್ದೇನೆ. ರಕ್ತ ಕೊಡಿ ಅಂತ ನಲವತ್ತು ವರ್ಷ ಹೇಳಿದವನು ಇವತ್ತು ರಕ್ತ ಕಡಿಮೆ ಬಳಸಿ ಅಂತ ಬರೆಯುತ್ತಿದ್ದೇನೆ. ಕಾರಣ ಹೇಳುತ್ತೇನೆ.

ನನಗೆ ಫೋನು ಬರುವುದು ಸಾಮಾನ್ಯವಾಗಿ ರಾತ್ರಿ ಒಂಬತ್ತರ ಮೇಲೆ. "ಸಾರ್, ಅಮ್ಮಂಗೆ ನಾಳೆ ಬೆಳಗ್ಗೆ ಆಪರೇಷನ್ನು. ಎಚ್‌ಬಿ ಏಳೂವರೆ ಇದೆಯಂತೆ. ಎರಡು ಬಾಟ್ಲಿ ತರಿಸಿ ಇಟ್ಕೊಳಿ ಅಂದಿದಾರೆ." ಎಚ್‌ಬಿ ಅಂದರೆ ಹಿಮೋಗ್ಲೋಬಿನ್, ಮೈಯಲ್ಲಿ ರಕ್ತ ಕಮ್ಮಿ ಇದೆಯಾ ಅಂತ ತೋರಿಸುವ ಅಂಕಿ. ಫೋನು ಮಾಡುವವನು ಜಗಳೂರಿನ ಹುಡುಗ, ಇಲ್ಲ ಭರಮಸಾಗರದವನು, ಇಲ್ಲ ಚನ್ನಗಿರಿ ಕಡೆಯವನು. ಊರಲ್ಲಿ ಯಾರೂ ಪರಿಚಯ ಇರುವುದಿಲ್ಲ. ಆಸ್ಪತ್ರೆ ಮೆಟ್ಟಿಲ ಮೇಲೆ ಕೂತು ಅಳುವ ದನಿಯಲ್ಲಿ ಮಾತಾಡುತ್ತಾನೆ. ನಾನು ಪುಸ್ತಕ ತೆಗೆದು ನಾಲ್ಕೈದು ಜನರಿಗೆ ಫೋನು ಮಾಡುತ್ತೇನೆ. ಏಪ್ರಿಲ್, ಮೇ ಬಂದರಂತೂ ಕಾಲೇಜುಗಳಿಗೆ ರಜೆ. ಹುಡುಗರೆಲ್ಲ ಊರಿಗೆ ಹೋಗಿರುತ್ತಾರೆ. ಒಬ್ಬ ದಾನಿ ಸಿಗುವಷ್ಟರಲ್ಲಿ ಸಾಕುಬೇಕಾಗುತ್ತದೆ.

ಇತ್ತೀಚೆಗೆ ಕೂತು ಹಳೆಯ ಏಪ್ರಿಲ್ ತಿಂಗಳೊಂದರ ಪುಟ ತೆಗೆದು ನೋಡಿದೆ. 26 ಕರೆ ಬಂದಿದ್ದವು. ಅಪಘಾತ, ಹೆರಿಗೆ, ಕ್ಯಾನ್ಸರ್, ಹುಟ್ಟಿನಿಂದಲೇ ರಕ್ತ ಸರಿಯಾಗಿ ತಯಾರಾಗದ ಥಲಸ್ಸೇಮಿಯಾ ಮಕ್ಕಳು, ಇವನ್ನೆಲ್ಲ ಬಿಟ್ಟರೆ ಉಳಿದವು 11. ಆ 11 ಕೂಡ ಮೊದಲೇ ದಿನ ಗೊತ್ತು ಮಾಡಿದ್ದ ಆಪರೇಷನ್‌ಗಳು. ಗರ್ಭಕೋಶ, ಮಂಡಿ, ಮೂಲವ್ಯಾಧಿ. ಎರಡು ವಾರ, ಮೂರು ವಾರ ಮುಂಚೆ ದಿನ ಕೊಟ್ಟಿದ್ದಾರೆ. ಆದರೆ ರಕ್ತ ಕಮ್ಮಿ ಇದೆ ಅಂತ ಗೊತ್ತಾಗಿದ್ದು ಹಿಂದಿನ ದಿನ ಸಂಜೆ!

ನಮ್ಮ ಮನೆಯಲ್ಲೂ ಹೀಗೇ ಆಗಿತ್ತು. 2011ರಲ್ಲಿ ನನ್ನ ಹೆಂಡತಿಗೆ ಗರ್ಭಕೋಶದ ಗಡ್ಡೆ ಆಪರೇಷನ್. ಅದಕ್ಕೂ ಎರಡು ವರ್ಷ ಮುಂಚಿನಿಂದ ಅವಳಿಗೆ ತಿಂಗಳ ಮುಟ್ಟು ಎಂಟು ಹತ್ತು ದಿನ ಹೋಗುತ್ತಿತ್ತು. ಮೆಟ್ಟಿಲು ಹತ್ತಿದರೆ ಏದುಸಿರು. ಕಬ್ಬಿಣದ ಮಾತ್ರೆ ಬರೆದುಕೊಟ್ಟಿದ್ದರು, ತೆಗೆದುಕೊಳ್ಳುತ್ತಿದ್ದಳು, ಆದರೆ ಬೆಳಗಿನ ಟೀ ಜೊತೆಗೆ. ಟೀ ಕಬ್ಬಿಣವನ್ನು ಮೈಗೆ ಹತ್ತಗೊಡುವುದಿಲ್ಲ ಅಂತ ನಮಗೆ ಯಾರೂ ಹೇಳಿರಲಿಲ್ಲ. ಆಮೇಲೆ ಮಲ ಕಪ್ಪಗಾಯಿತು, ಹೊಟ್ಟೆ ಕಟ್ಟಿತು ಅಂತ ಹೆದರಿ ಬಿಟ್ಟೇಬಿಟ್ಟಳು. ಕಪ್ಪಗಾಗುವುದು ಆ ಮಾತ್ರೆಗೆ ಸಹಜ ಅಂತಲೂ ಯಾರೂ ಹೇಳಲಿಲ್ಲ. ಎಷ್ಟು ಮನೆಗಳಲ್ಲಿ ಹೀಗೆ ಆ ಮಾತ್ರೆ ಡಬ್ಬದಲ್ಲೇ ಉಳಿದಿದೆಯೋ.

ಆಪರೇಷನ್‌ಗೆ ಸೇರಿಸಿದ ದಿನ ಎಚ್‌ಬಿ 7.8 ಬಂತು. ನನ್ನ ಹೆಂಡತಿಗೇ ರಕ್ತ ಬೇಕು ಅಂದಾಗ ನನ್ನ ಕೈ ನಡುಗಿತು. ಎರಡು ಬಾಟ್ಲಿ ಹೊಂದಿಸಿದೆ. ಎರಡನೆಯದು ಅರ್ಧ ಹೋಗುವಷ್ಟರಲ್ಲಿ ಅವಳಿಗೆ ಚಳಿ ಹತ್ತಿ ಮಂಚವೇ ಅಲುಗಾಡುವ ಹಾಗೆ ನಡುಗಿದಳು, ಜ್ವರ ಬಂತು. ನರ್ಸಮ್ಮ ಓಡಿ ಬಂದು ನಿಲ್ಲಿಸಿದರು. ದೇವರ ದಯೆ, ಅಷ್ಟರಲ್ಲೇ ಮುಗಿಯಿತು. ಬೇರೆಯವರ ರಕ್ತ ಜೀವ ಉಳಿಸುತ್ತದೆ ನಿಜ. ಆದರೆ ಅದು ಟಾನಿಕ್ ಅಲ್ಲ ಅಂತ ನನಗೆ ಅವತ್ತು ಗೊತ್ತಾಯಿತು.

ಹೋದ ವರ್ಷ ಜಗಳೂರಿನಲ್ಲಿರುವ ನನ್ನ ತಮ್ಮನ ಹೆಂಡತಿಗೆ ಅದೇ ಗಡ್ಡೆ, ಅದೇ ರಕ್ತ ಹೋಗುವ ತೊಂದರೆ. ಅವಳು ಫೋನು ಮಾಡಿ, "ಭಾವ, ಆಪರೇಷನ್ ಮುಂದಕ್ಕೆ ಹಾಕಿದಾರೆ, ಎಚ್‌ಬಿ 8.2 ಅಂತೆ" ಅಂದಳು. ನನಗೆ ಸಿಟ್ಟು ಬಂತು. ರಕ್ತ ಬೇಕಾದರೆ ನಾನು ಕೊಡಿಸುತ್ತಿರಲಿಲ್ವಾ, ಮುಂದಕ್ಕೆ ಯಾಕೆ ಹಾಕಬೇಕು ಅಂತ ಡಾಕ್ಟರ್ ಹತ್ತಿರವೇ ಹೋಗಿ ಕೇಳಿದೆ. ಆ ತಾಯಿ ಸಮಾಧಾನವಾಗಿ ಕೂರಿಸಿ ಹೇಳಿದರು: "ಮೇಷ್ಟ್ರೇ, ನಾಲ್ಕು ವಾರ ಕಾದರೆ ಅವರ ಗಡ್ಡೆಗೇನೂ ಅವಸರ ಇಲ್ಲ. ಅವರ ರಕ್ತ ಅವರ ಮೈಯಲ್ಲೇ ತಯಾರಾಗಲಿ."

ಮುಟ್ಟಿನ ರಕ್ತ ಹಿಡಿತಕ್ಕೆ ಬರಲು ಮಾತ್ರೆ ಕೊಟ್ಟರು. ದಿನ ಬಿಟ್ಟು ದಿನ ಐದು ಸಲ ಕಬ್ಬಿಣದ ಡ್ರಿಪ್ ಹಾಕಿದರು. ನಾಲ್ಕು ವಾರಕ್ಕೆ ಎಚ್‌ಬಿ 10.9 ಆಯಿತು. ಆಪರೇಷನ್ ದಿನ ಬ್ಲಡ್ ಬ್ಯಾಂಕಿನಲ್ಲಿ ಗ್ರೂಪ್ ನೋಡಿಸಿ ಇಟ್ಟಿದ್ದರು, ಆದರೆ ಒಂದು ತೊಟ್ಟೂ ತರಿಸಲಿಲ್ಲ. ಮೂರನೇ ದಿನ ಮನೆಗೆ ಬಂದಳು.

ನನ್ನ ಹಳೆ ವಿದ್ಯಾರ್ಥಿಯೊಬ್ಬ ಈಗ ಅರಿವಳಿಕೆ ಡಾಕ್ಟರು. ದೀಪಾವಳಿಗೆ ಮನೆಗೆ ಬಂದಾಗ ಇದನ್ನೆಲ್ಲ ಹೇಳಿದೆ. ಇದಕ್ಕೆ ಪೇಷೆಂಟ್ ಬ್ಲಡ್ ಮ್ಯಾನೇಜ್‌ಮೆಂಟ್ ಅಂತ ಹೆಸರಿದೆ ಸಾರ್ ಅಂದ. ಆಪರೇಷನ್‌ಗೆ ಮೊದಲು ರೋಗಿಯ ರಕ್ತ ಹೆಚ್ಚಿಸುವುದು, ಆಪರೇಷನ್‌ನಲ್ಲಿ ಆದಷ್ಟು ಕಡಿಮೆ ಹೋಗುವ ಹಾಗೆ ನೋಡಿಕೊಳ್ಳುವುದು, ಆಮೇಲೂ ರಿಪೋರ್ಟಿನ ಅಂಕಿ ನೋಡಿ ಗಾಬರಿಯಾಗಿ ರಕ್ತ ಏರಿಸದೆ ರೋಗಿಯ ಸ್ಥಿತಿ ನೋಡುವುದು. 2010ರಲ್ಲೇ ವಿಶ್ವ ಆರೋಗ್ಯ ಸಂಸ್ಥೆಯ ಮಹಾಸಭೆ ಇದನ್ನು ಎತ್ತಿ ಹೇಳಿತ್ತಂತೆ. ನನ್ನ ಹೆಂಡತಿ ಮಂಚದ ಮೇಲೆ ನಡುಗಿದ್ದು 2011ರಲ್ಲಿ. 2021ರಲ್ಲಿ ಅದೇ ಸಂಸ್ಥೆ, ಇದು ತುರ್ತಾಗಿ ಆಗಬೇಕು ಅಂತ ಮತ್ತೆ ಬರೆಯಿತು.

ಪಶ್ಚಿಮ ಆಸ್ಟ್ರೇಲಿಯಾದಲ್ಲಿ 2008ರಿಂದ ಇಡೀ ರಾಜ್ಯಕ್ಕೇ ಈ ಕಾರ್ಯಕ್ರಮ ತಂದರು. ನಾಲ್ಕು ದೊಡ್ಡ ಆಸ್ಪತ್ರೆಗಳ ಆರು ಲಕ್ಷಕ್ಕೂ ಜಾಸ್ತಿ ರೋಗಿಗಳ ಲೆಕ್ಕ 2017ರಲ್ಲಿ ಪ್ರಕಟವಾಯಿತು. ಆರು ವರ್ಷದಲ್ಲಿ ರಕ್ತದ ಬಳಕೆ ನೂರಕ್ಕೆ 41ರಷ್ಟು ಇಳಿದಿತ್ತು. ರಕ್ತ ಕಮ್ಮಿ ಕೊಟ್ಟರೆ ಸಾವು ಜಾಸ್ತಿ ಆಗಬೇಕಲ್ವಾ ಅಂತ ನನಗೂ ಅನ್ನಿಸಿತು. ಅಲ್ಲಿ ಆಸ್ಪತ್ರೆಯಲ್ಲಿ ಆಗುವ ಸಾವೂ ಇಳಿದಿತ್ತು, ಸೋಂಕೂ ಇಳಿದಿತ್ತು, ಜನ ಬೇಗ ಮನೆಗೆ ಹೋಗಿದ್ದರು.

ಅಲ್ಲಿ ಒಂದು ಸರಳ ಪದ್ಧತಿ ಇದೆ. ರಕ್ತಸ್ರಾವ ಜೋರಾಗಿಲ್ಲದ ರೋಗಿಗೆ ಒಂದು ಬ್ಯಾಗ್ ಕೊಡು, ಮತ್ತೆ ನೋಡು, ಆಮೇಲೆ ಇನ್ನೊಂದು ಬೇಕೋ ಬೇಡವೋ ತೀರ್ಮಾನಿಸು. ನಮ್ಮಲ್ಲಿ ಚೀಟಿ ಬರೆಯುವಾಗಲೇ ಕೈ ಎರಡು ಅಂತ ಬರೆಯುತ್ತದೆ. ಯಾಕೆ ಎರಡು ಅಂತ ಕೇಳಿದರೆ ಮೊದಲಿಂದ ಹಾಗೇ ಅನ್ನುತ್ತಾರೆ. 1999ರಲ್ಲಿ ಕೆನಡಾದ ಡಾಕ್ಟರುಗಳು ಐಸಿಯುನಲ್ಲಿದ್ದ 838 ರೋಗಿಗಳ ಅಧ್ಯಯನ ಮಾಡಿದ್ದರು. ಎಚ್‌ಬಿ 7ಕ್ಕಿಂತ ಕೆಳಗೆ ಇಳಿದ ಮೇಲಷ್ಟೇ ರಕ್ತ ಪಡೆದ ರೋಗಿಗಳು, 10ರ ಕೆಳಗೆ ಬಂದ ಕೂಡಲೇ ಪಡೆದವರಿಗಿಂತ ಬದುಕುಳಿಯುವುದರಲ್ಲಿ ಹಿಂದೆ ಬೀಳಲಿಲ್ಲ. ಹೃದಯದ ಕಾಯಿಲೆ ಇದ್ದವರ ವಿಷಯ ಬೇರೆ, ಅದನ್ನು ಡಾಕ್ಟರೇ ನೋಡಬೇಕು. ರಕ್ತ ಹೋಗುವುದನ್ನು ತಡೆಯುವ ಟ್ರಾನೆಕ್ಸಾಮಿಕ್ ಆಸಿಡ್ ಅಂತ ಒಂದು ಔಷಧವಿದೆ. ಜಪಾನಿನ ಒಕಾಮೊಟೊ ದಂಪತಿ 1960ರ ದಶಕದಲ್ಲೇ ಕಂಡುಹಿಡಿದದ್ದು. ಅದೇನೂ ದುಬಾರಿ ಔಷಧವಲ್ಲ.

ಇಷ್ಟೆಲ್ಲ ಗೊತ್ತಿದ್ದೂ ಯಾಕೆ ಆಗುತ್ತಿಲ್ಲ ಅಂತ ನನ್ನ ವಿದ್ಯಾರ್ಥಿಯನ್ನು ಕೇಳಿದೆ. "ನಾನು ರೋಗಿಯನ್ನು ನೋಡೋದೇ ಹಿಂದಿನ ದಿನ ಸಂಜೆ ಸಾರ್" ಅಂದ. ಆ ಮಾತು ನನಗೆ ನಾಟಿತು. ಒಪಿಡಿಯಲ್ಲಿ ಸರ್ಜನ್ ದಿನ ಬರೆದುಕೊಡುತ್ತಾರೆ. ರಕ್ತ ಪರೀಕ್ಷೆ ಸೇರಿಸಿಕೊಂಡ ಮೇಲೆ. ಅರಿವಳಿಕೆ ಡಾಕ್ಟರು ನೋಡುವಾಗ ಎಚ್‌ಬಿ ಏಳು. ಒಂದು ರಾತ್ರಿಯಲ್ಲಿ ಕಬ್ಬಿಣ ಏನು ಮಾಡೀತು? ಮನೆಯವರು ರಜೆ ಹಾಕಿ, ಕೂಲಿ ಬಿಟ್ಟು ಬಂದಿರುತ್ತಾರೆ, ವಾಪಸ್ ಕಳಿಸಲು ಯಾರಿಗೂ ಮನಸ್ಸು ಬರುವುದಿಲ್ಲ. ಆಗ ಉಳಿಯುವುದು ನನ್ನ ಫೋನ್ ನಂಬರ್ ಒಂದೇ. ಇದರಲ್ಲಿ ಯಾರೊಬ್ಬರದೂ ತಪ್ಪಿಲ್ಲ. ಆದರೆ ಎಲ್ಲರೂ ಒಟ್ಟಿಗೆ ಕೂತು ಕಲಿಯದಿದ್ದರೆ ಇದು ಬದಲಾಗುವುದಿಲ್ಲ.

ಅದಕ್ಕೇ ತರಬೇತಿ ಬೇಕು ಅನ್ನುತ್ತಿದ್ದೇನೆ. ಡಾಕ್ಟರುಗಳಿಗೆ ಮಾತ್ರ ಸಾಲದು. ದಿನ ಬರೆದುಕೊಡುವ ಸಿಸ್ಟರ್, ಲ್ಯಾಬಿನವರು, ಬ್ಲಡ್ ಬ್ಯಾಂಕಿನವರು, ಮಾತ್ರೆ ಕೊಡುವ ಫಾರ್ಮಸಿಯವರು ಎಲ್ಲರಿಗೂ ಬೇಕು. ಟೀ ಜೊತೆ ನುಂಗಬೇಡಿ, ನಿಂಬೆಹಣ್ಣಿನ ಪಾನಕದ ಜೊತೆ ತಗೊಳ್ಳಿ ಅಂತ ಹೇಳಬೇಕಾದವರು ಆ ಕೌಂಟರಿನಲ್ಲೇ ಇದ್ದಾರೆ. ದಿನಾ ಟೆಸ್ಟಿಗೆ ಅಂತ ಟ್ಯೂಬುಗಟ್ಟಲೆ ರಕ್ತ ಎಳೆಯುವುದೂ ರೋಗಿಗೆ ನಷ್ಟವೇ. ಅದೂ ತರಬೇತಿಯಲ್ಲಿ ಬರಲಿ.

ದಾವಣಗೆರೆ ಇದಕ್ಕೆ ಸರಿಯಾದ ಊರು. ಜೆ.ಜೆ.ಎಂ. ಮೆಡಿಕಲ್ ಕಾಲೇಜು 1965ರಿಂದ ಇದೆ. ಎಸ್.ಎಸ್. ಮೆಡಿಕಲ್ ಕಾಲೇಜು ಇದೆ, ಚಿಗಟೇರಿ ಜಿಲ್ಲಾ ಆಸ್ಪತ್ರೆ ಇದೆ. ಪಕ್ಕದ ಚಿತ್ರದುರ್ಗದಲ್ಲೂ ಮೆಡಿಕಲ್ ಕಾಲೇಜುಗಳಿವೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ 2019-21ರ ಲೆಕ್ಕದಲ್ಲಿ ಕರ್ನಾಟಕದ 15ರಿಂದ 49 ವರ್ಷದ ಹೆಂಗಸರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ರಕ್ತ ಕಮ್ಮಿ. ಅವರೇ ನಾಳೆ ಗರ್ಭಕೋಶದ ಆಪರೇಷನ್‌ಗೆ ಬರುವವರು. ಎರಡು ಜಿಲ್ಲೆಯ ಆರೋಗ್ಯಾಧಿಕಾರಿಗಳೂ ಕಾಲೇಜುಗಳ ಮುಖ್ಯಸ್ಥರೂ ಒಂದೇ ಒಂದು ವಾರ್ಡಿನಿಂದ ಶುರು ಮಾಡಲಿ. ಹೆಂಗಸರ ವಾರ್ಡೇ ಆಗಲಿ. ಆಪರೇಷನ್ ದಿನ ಬರೆಯುವ ಚೀಟಿಯಲ್ಲೇ ಎಚ್‌ಬಿ ಎಷ್ಟು ಅಂತ ಒಂದು ಕಾಲಂ ಹಾಕಲಿ. ಕಮ್ಮಿ ಇದ್ದರೆ, ಮತ್ತು ಕಾಯಲು ಆಗುವಂಥ ಕಾಯಿಲೆಯಾದರೆ, ನಾಲ್ಕು ವಾರ ಚಿಕಿತ್ಸೆ ಕೊಟ್ಟು ಆಮೇಲೆ ದಿನ ಬರೆಯಲಿ. ಆರು ತಿಂಗಳಿಗೊಮ್ಮೆ ಎಷ್ಟು ಬಾಟ್ಲಿ ತರಿಸಿದೆವು, ಎಷ್ಟು ಏರಿಸಿದೆವು ಅಂತ ತಾವೇ ಕೂತು ನೋಡಲಿ.

ದಯವಿಟ್ಟು ಯಾರೂ ಇದನ್ನು ಓದಿ ರಕ್ತ ಕೊಡುವುದು ನಿಲ್ಲಿಸಬೇಡಿ. ಹೈವೇಯಲ್ಲಿ ಅಪಘಾತ ಆದವರಿಗೆ, ಹೆರಿಗೆಯಲ್ಲಿ ರಕ್ತ ನಿಲ್ಲದ ತಾಯಂದಿರಿಗೆ, ಮೇಲಿಂದ ಮೇಲೆ ರಕ್ತ ಹಾಕಿಸಿಕೊಳ್ಳಲೇಬೇಕಾದ ಥಲಸ್ಸೇಮಿಯಾ ಮಕ್ಕಳಿಗೆ ಅದು ಬೇಕೇ ಬೇಕು. ಕೆಂಪು ರಕ್ತಕಣದ ಬ್ಯಾಗ್ ಫ್ರಿಜ್‌ನಲ್ಲಿ ಇಟ್ಟರೂ 42 ದಿನಕ್ಕಿಂತ ಜಾಸ್ತಿ ಉಳಿಯುವುದಿಲ್ಲ. ನನ್ನ ಹುಡುಗರು ಕೊಟ್ಟ ಬ್ಯಾಗು ಆ ಮಕ್ಕಳಿಗೆ ಹೋಗಲಿ ಅಂತಲೇ ಇಷ್ಟು ಬರೆದೆ.

ತರಬೇತಿ ನಡೆಸುವವರು ಯಾರೇ ಆಗಲಿ, ನನ್ನ ಪುಸ್ತಕ ನೋಡಬೇಕು ಅಂದರೆ ತಂದುಕೊಡುತ್ತೇನೆ. ಹೆಸರುಗಳನ್ನು ಮುಚ್ಚಿ, ಯಾವ ತಿಂಗಳು ಯಾವ ಆಪರೇಷನ್‌ಗೆ ಎಷ್ಟು ಬಾಟ್ಲಿ ಅಂತ ಒಂದು ಹಾಳೆಗೆ ಇಳಿಸುವ ಕೆಲಸ ಈಗಾಗಲೇ ಶುರು ಮಾಡಿದ್ದೇನೆ. ಮೂರು ವರ್ಷದ್ದು ಮುಗಿದಿದೆ.

ಇಂತಿ,
ಒಬ್ಬ ನಿವೃತ್ತ ದೈಹಿಕ ಶಿಕ್ಷಕ,
ದಾವಣಗೆರೆ