ಆ ಫೋನ್ ಕರೆಯನ್ನು ಯಾರೂ ನೆನೆಯುವುದಿಲ್ಲ

ಮಾನ್ಯ ಸಂಪಾದಕರೇ,

ದಣಿದ ಮನಸ್ಸಿಗೆ ಮುದ ನೀಡುವ ಸಿನಿಮಾಗಳ ಬಗ್ಗೆ ನಿಮ್ಮ ಭಾನುವಾರದ ಪುರವಣಿಯಲ್ಲಿ ಪ್ರಕಟವಾದ ಬರಹವನ್ನು ಓದಿದೆ. ಅದರ ಪಟ್ಟಿಯಲ್ಲಿ ಮೊದಲ ಸ್ಥಾನ ಪಡೆದಿರುವುದು ವಿಮ್ ವೆಂಡರ್ಸ್ ನಿರ್ದೇಶಿಸಿದ 2023ರ ‘ಪರ್ಫೆಕ್ಟ್ ಡೇಸ್’. ಟೋಕಿಯೊ ನಗರದ ಸಾರ್ವಜನಿಕ ಶೌಚಾಲಯಗಳನ್ನು ತೊಳೆಯುವ ಹಿರಾಯಾಮ ಇದ್ದುದರಲ್ಲೇ ಸುಖವಾಗಿರುವುದನ್ನು ನೋಡಿ, ಕೆಲಸದ ಒತ್ತಡವನ್ನು ಹಗುರವಾಗಿ ತೆಗೆದುಕೊಳ್ಳುವುದನ್ನು ನಾವೂ ಕಲಿಯಬೇಕು ಎಂಬುದು ಲೇಖಕರ ಅಭಿಪ್ರಾಯ. ಚಿತ್ರ ಚೆನ್ನಾಗಿದೆ ಎಂಬುದರಲ್ಲಿ ನನ್ನ ತಕರಾರಿಲ್ಲ. ಅದರಿಂದ ಅವರು ಹೆಕ್ಕಿಕೊಂಡ ಪಾಠದ ಬಗ್ಗೆ ಇದೆ. ಕಳೆದ ವರ್ಷ ಕೆಲಸದ ದೆಸೆಯಿಂದಲೇ ಹಾಸಿಗೆ ಹಿಡಿದು ಐದು ವಾರ ರಜೆಯಲ್ಲಿದ್ದಾಗ ಆ ಚಿತ್ರವನ್ನು ಎರಡು ಸಲ ನೋಡಿದವನಾದ್ದರಿಂದ ಈ ಪತ್ರ ಬರೆಯುತ್ತಿದ್ದೇನೆ.

ನಾನು ಚಿತ್ರದುರ್ಗ ಜಿಲ್ಲೆಯ ತಾಲ್ಲೂಕು ಕೇಂದ್ರವೊಂದರ ಬ್ಯಾಂಕ್ ಶಾಖೆಯಲ್ಲಿ ಅಧಿಕಾರಿ. ಮೂರು ವರ್ಷಗಳ ಹಿಂದೆ ಇಲ್ಲಿ ಒಂಬತ್ತು ಜನರಿದ್ದೆವು. ಒಬ್ಬರು ನಿವೃತ್ತರಾದರು, ಇಬ್ಬರಿಗೆ ವರ್ಗವಾಯಿತು, ಬದಲಿಗೆ ಯಾರೂ ಬರಲಿಲ್ಲ. 2023ರ ಆಗಸ್ಟ್ 30ರಂದು ಗೃಹಲಕ್ಷ್ಮಿ ಯೋಜನೆಗೆ ಚಾಲನೆ ಸಿಕ್ಕಿ, ಮನೆಯ ಯಜಮಾನಿಯ ಖಾತೆಗೆ ತಿಂಗಳಿಗೆ 2,000 ರೂಪಾಯಿ ಜಮೆಯಾಗತೊಡಗಿದ್ದೂ ಅದೇ ಹೊತ್ತಿನಲ್ಲಿ. ಯೋಜನೆಯ ಬಗ್ಗೆ ನನ್ನ ಆಕ್ಷೇಪವೇನೂ ಇಲ್ಲ; ಎಂದೂ ಬ್ಯಾಂಕಿನ ಹೊಸ್ತಿಲು ತುಳಿಯದ ಹೆಂಗಸರು ತಮ್ಮದೇ ಹೆಸರಿನ ಪಾಸ್‌ಬುಕ್ ಹಿಡಿದು ಬಂದದ್ದನ್ನು ಕಂಡು ಖುಷಿಪಟ್ಟವನು ನಾನು. ಆದರೆ ಆಧಾರ್ ಜೋಡಣೆಯಾಗದ ಖಾತೆ, ಹೆಸರಿನಲ್ಲಿ ಒಂದಕ್ಷರ ಹೆಚ್ಚುಕಡಿಮೆಯಾದ ಖಾತೆ, ವರ್ಷಗಟ್ಟಲೆ ವಹಿವಾಟಿಲ್ಲದೆ ನಿಷ್ಕ್ರಿಯಗೊಂಡ ಖಾತೆ, ಇವನ್ನೆಲ್ಲ ಸರಿಪಡಿಸಬೇಕಾದವರು ಆರು ಜನ. ಅದು ಮುಗಿದ ಮೇಲೆ ರಾತ್ರಿ ಹತ್ತರವರೆಗೆ, ಇವತ್ತು ಎಷ್ಟು ಇನ್ಶೂರೆನ್ಸ್ ಪಾಲಿಸಿ ಮಾಡಿಸಿದಿರಿ ಎಂದು ವಾಟ್ಸ್‌ಆ್ಯಪ್ ಗುಂಪಿನಲ್ಲಿ ಮೇಲಿನವರ ವಿಚಾರಣೆ.

ಒಂದು ಮಧ್ಯಾಹ್ನ ಅಜ್ಜಿಯೊಬ್ಬರು ಕೌಂಟರಿಗೆ ಬಂದು, “ದುಡ್ಡು ಬಂದೈತಾ ನೋಡಪ್ಪ” ಎಂದು ಪಾಸ್‌ಬುಕ್ ಚಾಚಿದರು. ಕೂಲಿ ಮಾಡಿ ಬೆರಳಿನ ಗೆರೆಗಳು ಸವೆದಿದ್ದರಿಂದ ಯಂತ್ರ ಅವರ ಗುರುತು ಹಿಡಿಯಲಿಲ್ಲ. ನಾಳೆ ಬನ್ನಿ ಎಂದೆ. “ನಿನ್ನೇನೂ ನೀನು ಹಿಂಗೇ ಅಂದೆಲ್ಲಪ್ಪ” ಎಂದರು. ಅವರು ನಿನ್ನೆ ಬಂದಿದ್ದು ನನಗೆ ನೆನಪಿರಲಿಲ್ಲ; ಮುಖವನ್ನು ನೋಡಿದ್ದರೆ ತಾನೇ ನೆನಪಿರುವುದು. ಅಂದು ಸಂಜೆ ಕ್ಯಾಷ್ ತಾಳೆಯಾಗದೆ, ಅವೇ ಐನೂರರ ಕಟ್ಟುಗಳನ್ನು ನಾಲ್ಕು ಬಾರಿ ಯಂತ್ರಕ್ಕೆ ಹಾಕಿ, ಐದನೆಯ ಬಾರಿ ಹಾಕಲು ಕೈ ಏಳದೆ ಸುಮ್ಮನೆ ಕೂತುಬಿಟ್ಟೆ.

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಬರ್ನ್‌ಔಟ್ ಎಂಬುದಕ್ಕೆ ವಿವರಣೆ ಕೊಟ್ಟಾಗ ಅದನ್ನು ಕಾಯಿಲೆಯೆಂದು ಕರೆಯದೆ ಉದ್ಯೋಗಕ್ಕೆ ಸಂಬಂಧಿಸಿದ ವಿದ್ಯಮಾನವೆಂದು ಕರೆಯಿತು. ಶಕ್ತಿಯೆಲ್ಲ ಬತ್ತಿದಂಥ ದಣಿವು, ಕೆಲಸದಿಂದ ಮನಸ್ಸು ದೂರ ಸರಿಯುವುದು, ಕೆಲಸದ ಸಾಮರ್ಥ್ಯ ಕುಗ್ಗುವುದು, ಇವು ಮೂರು ಅದರ ಲಕ್ಷಣಗಳು. ನಾನು ಹೋಗಿದ್ದ ವೈದ್ಯರು ಈ ಹೆಸರುಗಳನ್ನು ಆಮೇಲೆ ಹೇಳಿದರು. ಅವರು ಮೊದಲು ಕೇಳಿದ್ದು, “ನಿಮ್ಮ ಶಾಖೆಯಲ್ಲಿ ಎಷ್ಟು ಜನ ಇದ್ದೀರಿ?” ಎಂದು.

ರಜೆಯ ದಿನಗಳಲ್ಲಿ ಓದಲು ಆಗುತ್ತಿರಲಿಲ್ಲವಾದ್ದರಿಂದ ಸಿನಿಮಾ ನೋಡಿದೆ. ‘ಸು ಫ್ರಮ್ ಸೋ’ ಬಿಡುಗಡೆಯಾಗಿದ್ದ ಹೊತ್ತು. ಹೆಂಡತಿ ಬಲವಂತವಾಗಿ ಚಿತ್ರಮಂದಿರಕ್ಕೆ ಕರೆದುಕೊಂಡು ಹೋದಳು. ಕರಾವಳಿಯ ಆ ಊರಿಗೆ ಊರೇ ಒಂದು ದೆವ್ವದ ಹಿಂದೆ ಬಿದ್ದದ್ದನ್ನು ಕಂಡು ಎಷ್ಟೋ ತಿಂಗಳ ಮೇಲೆ ಹೊಟ್ಟೆ ತುಂಬ ನಕ್ಕೆ. ನಗಿಸುವುದು ಕಡಿಮೆ ಕೆಲಸವಲ್ಲ, ಆ ಚಿತ್ರಕ್ಕೆ ಅಷ್ಟು ಸಾಕು. ರಾಜ್ ಬಿ. ಶೆಟ್ಟಿ ಅವರ ‘ಸ್ವಾತಿ ಮುತ್ತಿನ ಮಳೆ ಹನಿಯೇ’ ಚಿತ್ರವನ್ನು ಮಾತ್ರ ಒಂದೇ ಕೂರಿಕೆಯಲ್ಲಿ ನೋಡಲಾಗಲಿಲ್ಲ. ಸಾವಿನ ಸಮೀಪದಲ್ಲಿರುವವರ ಆರೈಕೆ ಕೇಂದ್ರದಲ್ಲಿ ಆಪ್ತಸಮಾಲೋಚಕಿಯಾಗಿರುವ ಪ್ರೇರಣಾಳ ಮುಖದ ಮೇಲೆ ಆರಂಭದಲ್ಲಿ ಯಾವ ಭಾವವೂ ಇಲ್ಲ. ವಿಮರ್ಶಕರಿಗೆ ಅದು ದಾಂಪತ್ಯದ ಬರಡುತನವಾಗಿ ಕಂಡಿರಬಹುದು. ನನಗೆ ಕಂಡದ್ದು ಅಜ್ಜಿಗೆ ನಾಳೆ ಬನ್ನಿ ಎಂದ ನನ್ನ ಮುಖ. ಆದರೆ ಪ್ರೀತಿಯೊಂದು ಬಂದು ಅವಳ ಮುಖಕ್ಕೆ ಕಳೆ ತರುತ್ತದೆ ಎಂಬ ಕಥೆಯ ಉತ್ತರ ನನಗೆ ಸಾಕೆನಿಸಲಿಲ್ಲ. ಪಾಯಲ್ ಕಪಾಡಿಯಾ ಅವರ ‘ಆಲ್ ವಿ ಇಮ್ಯಾಜಿನ್ ಆ್ಯಸ್ ಲೈಟ್’ ಚಿತ್ರದಲ್ಲಿ ಮುಂಬೈನ ನರ್ಸ್ ಪ್ರಭಾ ಜರ್ಮನಿಯಿಂದ ಬಂದ ರೈಸ್ ಕುಕ್ಕರನ್ನು ರಾತ್ರಿ ನೆಲದ ಮೇಲೆ ಕೂತು ತಬ್ಬಿಕೊಳ್ಳುವ ದೃಶ್ಯ ಇಂದಿಗೂ ಕಣ್ಣ ಮುಂದಿದೆ. ಅದರ ಕೊನೆಯ ಭಾಗ ರತ್ನಗಿರಿಯ ಕಡಲ ತಡಿಗೆ ಹೋಗುತ್ತದೆ. ಮಹಾನಗರ ಬಿಟ್ಟರೆ ಉಸಿರು ಸಿಕ್ಕೀತು ಎಂಬ ಆಸೆ ಅಲ್ಲಿನವರದು. ಸಣ್ಣ ಊರಿನಲ್ಲೇ ಉಸಿರು ಕಟ್ಟಿದವನು ಇನ್ನೆಲ್ಲಿಗೆ ಹೋಗಬೇಕು?

ಇನ್ನು ‘ಪರ್ಫೆಕ್ಟ್ ಡೇಸ್’. ಬೀದಿ ಗುಡಿಸುವ ಪೊರಕೆಯ ಸದ್ದಿಗೆ ಏಳುವುದು, ಗಿಡಗಳಿಗೆ ನೀರು ಹನಿಸುವುದು, ವ್ಯಾನಿನಲ್ಲಿ ಹಳೆಯ ಕ್ಯಾಸೆಟ್ ಹಾಕುವುದು, ಕಮೋಡಿನ ಅಡಿಭಾಗದಲ್ಲಿ ಕೊಳೆ ಉಳಿದಿದೆಯೇ ಎಂದು ಪುಟ್ಟ ಕನ್ನಡಿ ಹಿಡಿದು ನೋಡುವುದು, ಮಧ್ಯಾಹ್ನ ಮರದಡಿ ಕೂತು ಎಲೆಗಳ ನಡುವಿನ ಬೆಳಕಿನ ಫೋಟೊ ತೆಗೆಯುವುದು, ಈ ದಿನಚರಿಯನ್ನೇ ಎಲ್ಲರೂ ಕೊಂಡಾಡುತ್ತಾರೆ. ಕೋಜಿ ಯಾಕುಶೊ ಅವರಿಗೆ ಕಾನ್ ಚಿತ್ರೋತ್ಸವದಲ್ಲಿ ಶ್ರೇಷ್ಠ ನಟ ಪ್ರಶಸ್ತಿ ಸಿಕ್ಕಿದ್ದೂ ನ್ಯಾಯವೇ. ಆದರೆ ಮುಂದೊಂದು ದಿನ ಅವನ ಕಿರಿಯ ಸಹೋದ್ಯೋಗಿ ತಕಾಶಿ ಫೋನಿನಲ್ಲೇ ಕೆಲಸ ಬಿಟ್ಟೆ ಎನ್ನುತ್ತಾನೆ. ತಕಾಶಿಯ ಪಾಲಿನ ಶೌಚಾಲಯಗಳೂ ಹಿರಾಯಾಮನ ತಲೆಗೆ ಬೀಳುತ್ತವೆ. ಕತ್ತಲಾದರೂ ಕೆಲಸ ಮುಗಿಯುವುದಿಲ್ಲ. ಚಿತ್ರದುದ್ದಕ್ಕೂ ಮಾತೇ ಅಪರೂಪವಾದ ಆ ಮನುಷ್ಯ ಕಚೇರಿಗೆ ಫೋನ್ ಮಾಡಿ, ಇದನ್ನು ದಿನಾ ಮಾಡಲು ನನ್ನಿಂದಾಗದು, ಯಾರನ್ನಾದರೂ ಕಳಿಸಿ ಎಂದು ಸಿಟ್ಟಿನಿಂದ ಹೇಳುತ್ತಾನೆ. ಬಳಿಕ ಆ ಜಾಗಕ್ಕೆ ಹೊಸಬಳೊಬ್ಬಳು ಬರುತ್ತಾಳೆ. ಮರದಡಿಯ ಊಟ, ಕ್ಯಾಸೆಟ್ಟು, ನೆಮ್ಮದಿ ಎಲ್ಲವೂ ಅವನಿಗೆ ಮರಳಿ ಸಿಗುವುದು ಅವಳು ಬಂದದ್ದರಿಂದ. ಮೊದಲ ಸಲ ನೋಡಿದಾಗ ನಾನೂ ಈ ದೃಶ್ಯವನ್ನು ಗಮನಿಸಿರಲಿಲ್ಲ ಎಂಬುದನ್ನು ಒಪ್ಪಿಕೊಳ್ಳುತ್ತೇನೆ. ಅಂದು ನೋಡಿ ಮುಗಿಸಿ, ನನ್ನ ಸ್ವಭಾವವೇ ಸರಿಯಿಲ್ಲ, ತೃಪ್ತಿಯೆಂಬುದೇ ನನಗೆ ಗೊತ್ತಿಲ್ಲ ಎಂದು ನನ್ನನ್ನೇ ಹಳಿದುಕೊಂಡಿದ್ದೆ.

ನಿಮ್ಮ ಲೇಖಕರ ಬರಹ ಓದಿದವರೂ ಹಾಗೆಯೇ ತಮ್ಮನ್ನು ಹಳಿದುಕೊಳ್ಳಬಾರದೆಂಬುದು ನನ್ನ ಕಳಕಳಿ. ವಾರಕ್ಕೆ 70 ಗಂಟೆ ದುಡಿಯಿರಿ ಎಂದು ಎನ್.ಆರ್. ನಾರಾಯಣಮೂರ್ತಿಯವರು 2023ರಲ್ಲಿ ಹೇಳಿದಾಗ, 2025ರ ಆರಂಭದಲ್ಲಿ ಎಲ್ ಆ್ಯಂಡ್ ಟಿ ಮುಖ್ಯಸ್ಥರು ಅದನ್ನು 90ಕ್ಕೇರಿಸಿದಾಗ, ನಾವೆಲ್ಲ ಗಂಟೆಗಳನ್ನಷ್ಟೇ ಲೆಕ್ಕ ಹಾಕಿ ಜಗಳವಾಡಿದೆವು. ತಲೆಗಳ ಲೆಕ್ಕ ಯಾರೂ ಕೇಳಲಿಲ್ಲ. 2025ರ ಮಾರ್ಚ್‌ನಲ್ಲಿ ಕರೆ ಕೊಟ್ಟು ಮುಂದೂಡಿದ ಬ್ಯಾಂಕ್ ಮುಷ್ಕರದ ಬೇಡಿಕೆಗಳಲ್ಲಿ ಎಲ್ಲ ದರ್ಜೆಗಳಲ್ಲೂ ಸಾಕಷ್ಟು ನೇಮಕಾತಿ ಮಾಡಿ ಎಂಬುದೂ ಇತ್ತು. ಜನರ ಬಾಯಲ್ಲಿ ಉಳಿದದ್ದು ಮಾತ್ರ ವಾರಕ್ಕೆ ಐದೇ ದಿನ ಕೆಲಸ ಬೇಕಂತೆ ಎಂಬ ಕುಹಕ.

ರಜೆ ಮುಗಿಸಿ ಹೋದಾಗ ನಮ್ಮ ಶಾಖೆಗೆ ಆನ್‌ಲೈನ್ ಧ್ಯಾನ ಶಿಬಿರದ ಸುತ್ತೋಲೆ ಬಂದಿತ್ತು. ಶಿಬಿರದ ಹೊತ್ತಿನಲ್ಲಿ ಕೌಂಟರಿನ ಮುಂದೆ ಸಾಲು ನಿಂತಿದ್ದರಿಂದ ಆರು ಜನರಲ್ಲಿ ಯಾರಿಗೂ ಅದಕ್ಕೆ ಕೂರಲಾಗಲಿಲ್ಲ. ಆ ವಾರದಿಂದ ನಾವು ದಿನಕ್ಕೆ ಎಷ್ಟು ಓಚರ್, ಎಷ್ಟು ಆಧಾರ್ ಜೋಡಣೆ, ಎಷ್ಟು ಹೊತ್ತಿಗೆ ಬಾಗಿಲು ಹಾಕಿದೆವು ಎಂದು ಹದಿನೈದು ದಿನಗಳ ಲೆಕ್ಕ ಬರೆದು, ಆರೂ ಜನ ಸಹಿ ಹಾಕಿ ಪ್ರಾದೇಶಿಕ ಕಚೇರಿಗೆ ಕಳಿಸಿದೆವು. ಎರಡು ತಿಂಗಳ ಬಳಿಕ ಒಬ್ಬ ಗುಮಾಸ್ತರನ್ನು ತಾತ್ಕಾಲಿಕ ನಿಯೋಜನೆಯ ಮೇಲೆ ಕಳಿಸಿದರು. ಈಗ ಮಧ್ಯಾಹ್ನ ಇಪ್ಪತ್ತು ನಿಮಿಷ ಕೂತು ಊಟ ಮಾಡುತ್ತೇನೆ; ಆ ಅಜ್ಜಿಯ ಹೆಸರೂ ಈಗ ನನಗೆ ಗೊತ್ತು. ನಿಯೋಜನೆಯ ಅವಧಿ ಬರುವ ತಿಂಗಳ ಕೊನೆಗೆ ಮುಗಿಯುತ್ತದೆ. ಎರಡನೆಯ ಪತ್ರಕ್ಕೆ ಹೊಸದಾಗಿ ಲೆಕ್ಕ ಬರೆಯತೊಡಗಿದ್ದೇವೆ.

ಇಂತಿ,
ಒಬ್ಬ ಬ್ಯಾಂಕ್ ಅಧಿಕಾರಿ, ಚಿತ್ರದುರ್ಗ ಜಿಲ್ಲೆ
(ಹೆಸರು ಪ್ರಕಟಿಸಬಾರದಾಗಿ ವಿನಂತಿ)