ಸುರಂಗ ಬಾವಿಗೆ ಕಸ ಸುರಿಯಬೇಡಿ

ಮಾನ್ಯ ಸಂಪಾದಕರೇ,

ಬೀದರಿನ ನೌಬಾದಿನಲ್ಲಿ ಬಹಮನಿ ಕಾಲದ, ಅಂದರೆ 15ನೇ ಶತಮಾನದ ಸುರಂಗ ಬಾವಿ ಇದೆ. ಕರೇಜ್ ಅಂತಲೂ ಕರೆಯುತ್ತಾರೆ. ಪಂಪಿಲ್ಲ, ಕರೆಂಟಿಲ್ಲ. ನೆಲದೊಳಗಿನ ಇಳಿಜಾರಿನಲ್ಲೇ ನೀರು ಹರಿದು ಬರುವ ಪರ್ಷಿಯಾದ ಜಾಣ್ಮೆ ಅದು. ನಮ್ಮೂರಿನ ಜಂಬಿಟ್ಟಿಗೆ ಕಲ್ಲು ಸ್ಪಂಜಿನ ಹಾಗೆ, ತೂತು ತೂತು. ಮಳೆ ನೀರನ್ನು ಕುಡಿದು ಕೆಳಗಿನ ಗಟ್ಟಿ ಕಪ್ಪು ಕಲ್ಲಿನ ಮೇಲೆ ಹಿಡಿದಿಡುತ್ತದೆ.

ಕಳೆದ ವಾರ ಆ ಕಡೆ ವಾಕಿಂಗ್ ಹೋಗಿದ್ದೆ. ಮೇಲಿನಿಂದ ಸುರಂಗಕ್ಕೆ ನೇರ ಇಳಿಯುವ ಗಾಳಿಬಾವಿಯ ಬಾಯಿಯ ಪಕ್ಕದಲ್ಲೇ ಒಡೆದ ಟೈಲ್ಸ್, ಸಿಮೆಂಟ್ ಚೀಲ, ಮದುವೆ ಊಟದ ಪ್ಲೇಟುಗಳ ರಾಶಿ! ಒಂದು ಜೋರು ಮಳೆ ಬಂದರೆ ಅಷ್ಟೂ ಒಳಗೇ ಅಲ್ವಾ? ಉದ್ಘಾಟನೆಗೆ ಹೂವು ಕಟ್ಟುವವರು ಇಲ್ಲಿಗೊಂದು ತಂತಿ ಬೇಲಿ ಕಟ್ಟಿಸಿದರೆ ಸಾಕಿತ್ತು.

ಸುಮ್ನೆ ದೂರುತ್ತಿಲ್ಲ. ನಮ್ಮ ಮನೆಯ ಬೋರ್‌ವೆಲ್ ಎರಡು ಬೇಸಿಗೆ ಕೈಕೊಟ್ಟಿತು. ಟ್ಯಾಂಕರಿನವನ ನಂಬರ್ ಬಾಯಿಪಾಠವಾಗಿತ್ತು. ಕೊನೆಗೆ ಮಾಳಿಗೆಯ ಪೈಪನ್ನು ಹಿತ್ತಲಿನ ಹಳೇ ಬಾವಿಗೆ ತಿರುಗಿಸಿದೆ. ನಡುವೆ ಒಂದು ಡ್ರಮ್ಮು. ಅದರಲ್ಲಿ ಜಲ್ಲಿ, ಇದ್ದಿಲು, ಮರಳು. ಮೊದಲ ಮಳೆಯ ನೀರು ಚಹಾದ ಬಣ್ಣ, ಅದನ್ನು ಹೊರಗೇ ಬಿಡುತ್ತೇನೆ. ಲೆಕ್ಕ ಸುಲಭ: 100 ಚದರ ಮೀಟರ್ ಮಾಳಿಗೆಗೆ 1 ಮಿಲಿಮೀಟರ್ ಮಳೆ ಬಿದ್ದರೆ 100 ಲೀಟರ್. 800 ಮಿಲಿಮೀಟರ್ ಬಿದ್ದರೆ 80,000 ಲೀಟರ್! ಸ್ವಲ್ಪ ಆರಿ ಹೋದರೂ ನಷ್ಟವಿಲ್ಲ.

ಗಾಳಿಬಾವಿಗಳಿಗೆ ಬೇಲಿ ಹಾಕಿ, ಸುರಂಗದ ದಾರಿಯನ್ನು ಕಲ್ಲು ನೆಟ್ಟು ಗುರುತಿಸಿ. ಅದರ ಮೇಲೆ ಹೊಸ ಬೋರ್‌ವೆಲ್ಲಿಗೂ ಲೇಔಟಿಗೂ ಅನುಮತಿ ಕೊಡಬೇಡಿ. ಮಳೆಗಾಲಕ್ಕೆ ಮುಂಚೆಯೇ ಆಗಬೇಕು.

– ನಿವೃತ್ತ ಶಿಕ್ಷಕಿ, ನೌಬಾದ್, ಬೀದರ್