ಓಟದ ವೇಗದಲ್ಲೇ ಪರೀಕ್ಷೆಯಾಗಲಿ

ಮಾನ್ಯರೇ,

ಹತ್ತರಗಿಯಲ್ಲಿ ವಿಮಾನದ ಬಿಡಿಭಾಗ ತಯಾರಾಗುವ ನಮ್ಮ ಬೆಳಗಾವಿ ಜಿಲ್ಲೆಯ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ 2011ರಲ್ಲಿ ಅಮೆರಿಕದ ರೀನೋ ವಿಮಾನ ಓಟದ ಸ್ಪರ್ಧೆಯಲ್ಲಿ ನಡೆದ ದುರಂತವನ್ನು ಪಾಠವಾಗಿ ಹೇಳಲೇಬೇಕು. ಓಟಕ್ಕೆಂದು ಮಾರ್ಪಡಿಸಿದ್ದ ಪಿ-51 ಎಂಬ ಹಳೆಯ ಯುದ್ಧವಿಮಾನದಲ್ಲಿ, ಸ್ಕ್ರೂ ಸಡಿಲವಾಗದಂತೆ ಹಿಡಿಯುವ ಹಳೆಯ ಲಾಕ್‌ನಟ್‌ಗಳ ಹಿಡಿತ ಸವೆದು ಸ್ಕ್ರೂ ಸಡಿಲವಾದವು. ಬಾಲದ ಎಲಿವೇಟರ್ ಟ್ರಿಮ್ ಟ್ಯಾಬ್ (ಮೂತಿಯ ಏರಿಳಿತ ಹೊಂದಿಸುವ ಪುಟ್ಟ ಪಟ್ಟಿ) ಓಟದ ವೇಗದಲ್ಲಿ ಅದುರಿ ಮುರಿಯಿತು, ವಿಮಾನ ನೆಲಕ್ಕಪ್ಪಳಿಸಿ 11 ಜನ ಸತ್ತರು. ಮಾರ್ಪಾಡುಗಳಿಗೆ ದಾಖಲೆಯೂ ಇರಲಿಲ್ಲ, ಸಾಕಷ್ಟು ಹಾರಾಟ ಪರೀಕ್ಷೆಯೂ ಆಗಿರಲಿಲ್ಲ.

ಅಮೆರಿಕದಲ್ಲಿ ಸ್ವಂತವಾಗಿ ಕಟ್ಟಿದ ವಿಮಾನಕ್ಕೆ ಪ್ರಮಾಣಪತ್ರ ಪಡೆದ ಎಂಜಿನ್-ಪ್ರೊಪೆಲರ್ ಜೋಡಿ ಇದ್ದರೆ 25, ಇಲ್ಲದಿದ್ದರೆ 40 ಗಂಟೆ ಜನವಿರಳ ಪ್ರದೇಶದ ಮೇಲೆ ಪರೀಕ್ಷಾ ಹಾರಾಟ ರೂಢಿ. ಆದರೆ ಗಂಟೆ ತುಂಬಿಸಿದರಷ್ಟೇ ಸಾಲದು. ವೇಗವನ್ನು ಹಂತಹಂತವಾಗಿ ಏರಿಸಿ, ಪ್ರತಿ ಹಂತದಲ್ಲೂ ಕಂಪನ ಅಳೆಯಬೇಕು. ಬೆರಳಲ್ಲೇ ತಿರುಗುವ ಲಾಕ್‌ನಟ್ಟನ್ನು ಎಸೆಯಬೇಕು, ಮತ್ತೆ ಹಾಕಲೇಬಾರದು.

– ವಿಮಾನ ತಂತ್ರಜ್ಞರು, ಸಾಂಬ್ರಾ, ಬೆಳಗಾವಿ